ಕೇಳದೆ ತೆಗೆದ ಒಂದು ಶಾಟ್: ಮಿನಮಾಟ ಚಿತ್ರದ ಪ್ರಕರಣ

ಒಬ್ಬ ಮುದುಕ ಆಳವಿಲ್ಲದ ನೀರಿನಲ್ಲಿ ನಡೆಯುತ್ತಿದ್ದಾನೆ. ಬಗ್ಗಿ ನೀರಿನೊಳಗೆ ಇಣುಕುತ್ತಾನೆ. ಆಕ್ಟೋಪಸ್ ಒಂದನ್ನು ಹಿಡಿದು ಮೇಲೆತ್ತುತ್ತಾನೆ, ಅದು ಅವನ ಕೈಗೆ ಸುತ್ತಿಕೊಳ್ಳುತ್ತದೆ, ಅವನು ಅದನ್ನು ಬಾಯಿಗೆ ತಂದು ಎರಡು ಕಣ್ಣುಗಳ ನಡುವೆ ಕಚ್ಚಿ ಸಾಯಿಸುತ್ತಾನೆ. ಮತ್ತೆ ಬಗ್ಗುತ್ತಾನೆ. ಇನ್ನೊಂದು. ಮುದುಕನಿಗೆ ಅವಸರವಿಲ್ಲ, ಕ್ಯಾಮೆರಾಕ್ಕೂ ಇಲ್ಲ. ನೋಡುತ್ತಾ ಕೂತ ನಮಗೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ, ಯಾಕೆಂದರೆ ಆ ನೀರಿನಲ್ಲಿ ಏನಿತ್ತು ಅಂತ ನಮಗೆ ಗೊತ್ತು.

ಇದು ನೊರಿಯಾಕಿ ತ್ಸುಚಿಮೊಟೊ 1971ರಲ್ಲಿ ಮುಗಿಸಿದ ಸಾಕ್ಷ್ಯಚಿತ್ರ. ಕಪ್ಪು ಬಿಳುಪು, 167 ನಿಮಿಷ. ಇಂಗ್ಲಿಷಿನಲ್ಲಿ ಇದರ ಹೆಸರಿಗೆ ‘ಬಲಿಪಶುಗಳು ಮತ್ತು ಅವರ ಲೋಕ’ ಅನ್ನುವ ಅರ್ಥ ಬರುತ್ತದೆ. ಜಪಾನಿ ಹೆಸರಿನಲ್ಲಿ ಬಲಿಪಶು ಅನ್ನುವ ಮಾತೇ ಇಲ್ಲ. ಅಲ್ಲಿರುವುದು ‘ಕಾಂಜಾ-ಸಾನ್’. ಕಾಂಜಾ ಅಂದರೆ ರೋಗಿ, ಸಾನ್ ಅಂದರೆ ನಾವು ಹೆಸರಿನ ಮುಂದೆ ‘ಅವರು’ ಹಚ್ಚುತ್ತೇವಲ್ಲ, ಆ ಥರ. ರೋಗಿಯವರು ಮತ್ತು ಅವರ ಲೋಕ. ಈ ಒಂದು ‘ಅವರು’ ನಿರ್ದೇಶಕನ ಬಾಯಿಗೆ ಬರಲು ಐದು ವರ್ಷ ಹಿಡಿಯಿತು ಅಂತ ನನಗನ್ನಿಸುತ್ತದೆ. ನಾನು ಬರೆಯಹೊರಟಿರುವುದು ಆ ಐದು ವರ್ಷದ ಬಗ್ಗೆ.

ಮೊದಲು ಕಾಯಿಲೆ

ಮಿನಮಾಟ ಜಪಾನಿನ ದಕ್ಷಿಣದ ಕ್ಯೂಶು ದ್ವೀಪದಲ್ಲಿ, ಕುಮಾಮೊಟೊ ಪ್ರಾಂತ್ಯದಲ್ಲಿದೆ. ಮುಂದೆ ಶಿರನುಯಿ ಸಮುದ್ರ. ಹೆಸರಿಗೆ ಸಮುದ್ರವಾದರೂ ಸುತ್ತ ದ್ವೀಪಗಳ ನಡುವೆ ಸಿಕ್ಕಿಕೊಂಡ, ಅಲೆ ಕಡಿಮೆ ಇರುವ, ಹೆಚ್ಚುಕಡಿಮೆ ಕೆರೆಯಂಥ ನೀರು. ಊರಿನಲ್ಲಿ ಚಿಸ್ಸೊ ಅನ್ನುವ ರಾಸಾಯನಿಕ ಕಂಪನಿಯ ಕಾರ್ಖಾನೆ 1908ರಿಂದ ಇತ್ತು. ಊರು ಬದುಕುತ್ತಿದ್ದದ್ದೇ ಅದರ ಮೇಲೆ. ಅಲ್ಲಿ ಮ್ಯಾನೇಜರ್ ಆಗಿದ್ದವರೇ ಆಮೇಲೆ ಊರಿನ ಮೇಯರ್ ಆದರು ಅಂದರೆ ಲೆಕ್ಕ ಹಾಕಿಕೊಳ್ಳಿ.

1932ರಿಂದ ಅಲ್ಲಿ ಅಸಿಟಾಲ್ಡಿಹೈಡ್ ಅನ್ನುವ ರಾಸಾಯನಿಕ ತಯಾರಾಗುತ್ತಿತ್ತು. ಅಸಿಟಿಲೀನ್ ಅನಿಲದಿಂದ ಇದನ್ನು ಮಾಡಲು ಪಾದರಸದ ಒಂದು ಲವಣ ಬೇಕು. ಆ ಪಾದರಸದ ಸ್ವಲ್ಪ ಭಾಗ ಪಾತ್ರೆಯೊಳಗೇ ಮಿಥೈಲ್ ಮರ್ಕ್ಯುರಿಯಾಗಿ ಬದಲಾಗುತ್ತಿತ್ತು. ಕೊಳಕು ನೀರಿನ ಜೊತೆ ಅದು ಕೊಲ್ಲಿಗೆ ಹೋಯಿತು. ಅಲ್ಲಿಂದ ಚಿಪ್ಪು, ಸಣ್ಣ ಮೀನು, ದೊಡ್ಡ ಮೀನು, ಬೆಕ್ಕು, ಮನುಷ್ಯ. ಒಂದೊಂದು ಮೆಟ್ಟಿಲು ಹತ್ತಿದಂತೆ ವಿಷ ಗಟ್ಟಿಯಾಗುತ್ತಾ ಹೋಯಿತು. ಮಿಥೈಲ್ ಮರ್ಕ್ಯುರಿಯ ಕೆಟ್ಟ ಗುಣ ಏನೆಂದರೆ ಅದು ರಕ್ತದಿಂದ ಮೆದುಳಿಗೆ ದಾಟುತ್ತದೆ, ತಾಯಿಯಿಂದ ಗರ್ಭದ ಮಗುವಿಗೂ ದಾಟುತ್ತದೆ.

ಮನುಷ್ಯರಿಗಿಂತ ಮೊದಲು ಬೆಕ್ಕುಗಳು ಹೋದವು. ಅವು ತೂರಾಡುತ್ತಾ, ಸುತ್ತು ಹೊಡೆಯುತ್ತಾ, ಕೊನೆಗೆ ನೀರಿಗೆ ಬಿದ್ದು ಸಾಯುತ್ತಿದ್ದವು. ಜನ ಅದಕ್ಕೆ ‘ಬೆಕ್ಕು ಕುಣಿಯುವ ಕಾಯಿಲೆ’ ಅಂತ ಹೆಸರಿಟ್ಟರು. (ನಮ್ಮಲ್ಲೂ ಸರಿಸುಮಾರು ಅದೇ ಹೊತ್ತಿಗೆ, 1957ರಲ್ಲಿ, ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು ‘ಮಂಗನ ಕಾಯಿಲೆ’ ಅಂತ ಹೆಸರು ಬಂತು. ಅದು ವೈರಸ್, ಇದು ವಿಷ, ಒಂದಕ್ಕೊಂದು ಸಂಬಂಧವಿಲ್ಲ. ಆದರೆ ಸುತ್ತಲಿನ ಪ್ರಾಣಿ ನೋಡಿ ಕಾಯಿಲೆಗೆ ಹೆಸರಿಡುವ ಕಣ್ಣು ಎರಡೂ ಕಡೆ ಒಂದೇ.)

1956ರ ಮೇ 1ರಂದು ಕಂಪನಿಯದೇ ಆಸ್ಪತ್ರೆಯ ಮುಖ್ಯ ವೈದ್ಯ ಹಾಜಿಮೆ ಹೊಸೊಕಾವ, ಕಾರಣ ಗೊತ್ತಿಲ್ಲದ ನರದ ಕಾಯಿಲೆ ಹಬ್ಬುತ್ತಿದೆ ಎಂದು ಆರೋಗ್ಯ ಕಚೇರಿಗೆ ತಿಳಿಸಿದರು. ಮೊದಲು ಬಂದವರು ಅಕ್ಕ ತಂಗಿ ಇಬ್ಬರು ಪುಟ್ಟ ಹುಡುಗಿಯರು. ನಡೆಯಲಾಗದು, ಮಾತು ತೊದಲು, ಕೈಯಲ್ಲಿ ಚಾಪ್‌ಸ್ಟಿಕ್ ನಿಲ್ಲದು. ಅಂಟುರೋಗ ಇರಬೇಕು ಅಂತ ಮನೆಗಳಿಗೆ ಔಷಧ ಹೊಡೆದರು, ರೋಗಿಗಳನ್ನು ಬೇರೆ ಇಟ್ಟರು. ಅಂಟುವುದಿಲ್ಲ ಅಂತ ಗೊತ್ತಾದ ಮೇಲೂ ಆ ಹೆದರಿಕೆ ಮಾತ್ರ ಹೋಗಲಿಲ್ಲ. ಅಂಗಡಿಯವರು ರೋಗಿ ಮನೆಯವರ ದುಡ್ಡನ್ನು ಕೈಯಲ್ಲಿ ಮುಟ್ಟದೆ ಚಾಪ್‌ಸ್ಟಿಕ್‌ನಲ್ಲಿ ಎತ್ತಿಕೊಳ್ಳುತ್ತಿದ್ದ ಕತೆಯನ್ನು ಮಿನಮಾಟದ ಎಷ್ಟೋ ಜನ ಹೇಳಿದ್ದಾರೆ.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ಸಿಟ್ಟು ಬರುತ್ತದೆ. 1956ರ ನವೆಂಬರ್ ಹೊತ್ತಿಗೇ ಕುಮಾಮೊಟೊ ವಿಶ್ವವಿದ್ಯಾಲಯದವರು ಮೀನು ಮತ್ತು ಚಿಪ್ಪಿನ ಮೂಲಕ ಬಂದ ಲೋಹದ ವಿಷ ಅಂದರು. 1958ರಲ್ಲಿ ಕಂಪನಿ ಕೊಳಕು ನೀರನ್ನು ಕೊಲ್ಲಿಯ ಬದಲು ನದಿಯ ಬಾಯಿಗೆ ತಿರುಗಿಸಿತು. ಕಾಯಿಲೆ ಇನ್ನೂ ಆಚೆಯ ಊರುಗಳಿಗೆ ಹರಡಿತು. 1959ರ ಜುಲೈನಲ್ಲಿ ಸಾವಯವ ಪಾದರಸವೇ (ಮಿಥೈಲ್ ಮರ್ಕ್ಯುರಿ ಆ ಜಾತಿಯದು) ಕಾರಣ ಎಂದು ವಿಶ್ವವಿದ್ಯಾಲಯ ಹೇಳಿತು. ಅದೇ ವರ್ಷ ಹೊಸೊಕಾವ ಕಾರ್ಖಾನೆಯ ಕೊಳಕು ನೀರನ್ನು ಬೆಕ್ಕಿಗೆ ತಿನ್ನಿಸಿ ನೋಡಿದರು. 400ನೇ ನಂಬರಿನ ಬೆಕ್ಕು ಅಕ್ಟೋಬರಿನಲ್ಲಿ ಕುಣಿಯತೊಡಗಿತು. ಕಂಪನಿ ಅದನ್ನು ಒಳಗೇ ಮುಚ್ಚಿಟ್ಟಿತು. ಅದಾಗಿ ಮೂರು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 30ರಂದು, ರೋಗಿಗಳ ಜೊತೆ ಒಪ್ಪಂದ. ಸತ್ತವರಿಗೆ 3 ಲಕ್ಷ ಯೆನ್, ಬದುಕಿರುವ ದೊಡ್ಡವರಿಗೆ ವರ್ಷಕ್ಕೆ 1 ಲಕ್ಷ, ಮಕ್ಕಳಿಗೆ 30 ಸಾವಿರ. ಇದು ಪರಿಹಾರ ಅಲ್ಲವಂತೆ, ‘ಸಮಾಧಾನದ ಹಣ’ವಂತೆ. ಮುಂದೆ ಕಾರ್ಖಾನೆಯೇ ಕಾರಣ ಅಂತ ಸಾಬೀತಾದರೂ ಮತ್ತೇನೂ ಕೇಳಬಾರದು ಅಂತ ಅದರಲ್ಲಿ ಬರೆಸಿಕೊಂಡರು. ಗೊತ್ತಿದ್ದೇ ಬರೆಸಿಕೊಂಡರು.

ಹೊರಗಿನ ಜಪಾನಿಗೆ ಅಲ್ಲಿಗೆ ಮಿನಮಾಟ ಮುಗಿದ ಕತೆ. ಆದರೆ ಊರಿನಲ್ಲಿ ಕತ್ತು ನಿಲ್ಲದ, ಮಾತು ಬಾರದ ಮಕ್ಕಳು ಬೆಳೆಯುತ್ತಿದ್ದರು. ಮಸಾಝುಮಿ ಹರಾಡ ಅನ್ನುವ ಎಳೆಯ ವೈದ್ಯ 1961ರಲ್ಲಿ ಒಂದು ಮನೆಗೆ ಹೋದಾಗ ಅಣ್ಣ ತಮ್ಮ ಇಬ್ಬರೂ ಒಂದೇ ಥರ ಇದ್ದರು. ಅಣ್ಣನಿಗೆ ಮಿನಮಾಟ ಕಾಯಿಲೆ, ತಮ್ಮನಿಗೆ ಬೇರೇನೋ ಅಂತ ದಾಖಲೆ. ಯಾಕೆ? ತಮ್ಮ ಮೀನು ತಿಂದೇ ಇರಲಿಲ್ಲವಲ್ಲ! ತಾಯಿಗೆ ಇದು ಒಪ್ಪಿಗೆಯಾಗಲಿಲ್ಲ. ಮೀನು ತಿಂದವಳು ನಾನು, ಇವನು ಆಗ ನನ್ನ ಹೊಟ್ಟೆಯಲ್ಲಿದ್ದ ಅಂದಳು. ಗರ್ಭದ ಮಗುವಿಗೆ ತಾಯಿಯಿಂದ ಪೋಷಣೆ ತರುವ ಮಾಸು ವಿಷವನ್ನು ತಡೆಯುತ್ತದೆ ಅಂತ ಆಗಿನ ಪುಸ್ತಕಗಳು ಹೇಳುತ್ತಿದ್ದವು. ಆ ತಾಯಿ ಹೇಳಿದ್ದೇ ಸರಿ ಅಂತ 1962ರಲ್ಲಿ ಒಪ್ಪಬೇಕಾಯಿತು. ಹುಟ್ಟಿನಿಂದಲೇ ರೋಗ ಬಂದ 16 ಮಕ್ಕಳನ್ನು ಆಗ ಗುರುತಿಸಿದರು.

1965: ಗದರಿಸಿಕೊಂಡ ದಿನ

ತ್ಸುಚಿಮೊಟೊ ಹುಟ್ಟಿದ್ದು 1928ರಲ್ಲಿ. 1965ರಲ್ಲಿ ಟಿವಿಗೆ ಒಂದು ಕಾರ್ಯಕ್ರಮ ಮಾಡಲು ಅವರು ಮೊದಲ ಸಲ ಮಿನಮಾಟಕ್ಕೆ ಹೋದರು. ವಿಷಯ ಇದೇ ಮಕ್ಕಳು. ಹಳ್ಳಿಯೊಂದರಲ್ಲಿ ಕ್ಯಾಮೆರಾ ಓಡುತ್ತಿದ್ದಾಗ ಒಬ್ಬ ತಾಯಿ ಅವರನ್ನು ಹಿಡಿದುಕೊಂಡಳು. ನನ್ನನ್ನು ಕೇಳದೆ ನನ್ನ ಮಗುವನ್ನು ಯಾಕೆ ತೆಗೆದಿರಿ ಅಂತ ಗದರಿದಳು. ತ್ಸುಚಿಮೊಟೊಗೆ ಉತ್ತರ ಕೊಡಲಾಗಲಿಲ್ಲ.

ನಾವಾಗಿದ್ದರೆ ಏನು ಮಾಡುತ್ತಿದ್ದೆವು? ‘ನಿಮ್ಮ ಒಳ್ಳೆಯದಕ್ಕೇ ಅಮ್ಮಾ’ ಅನ್ನುತ್ತಿದ್ದೆವು. ಸಾಮಾನ್ಯವಾಗಿ ಸಾಕ್ಷ್ಯಚಿತ್ರದವರು ಅನ್ನುವುದೂ ಅದನ್ನೇ. ಈ ಮನುಷ್ಯ ಮಾತ್ರ ಕುಸಿದುಹೋದರು. ಕಾರ್ಯಕ್ರಮವೇನೋ ಪ್ರಸಾರವಾಯಿತು, ಆದರೆ ತನಗೆ ಈ ಊರಿಗೆ ಬರುವ ಹಕ್ಕೇ ಇಲ್ಲ ಅಂತ ಅವರಿಗೆ ಅನ್ನಿಸಿಬಿಟ್ಟಿತು. ಮತ್ತೆ ವರ್ಷಗಟ್ಟಲೆ ಮಿನಮಾಟದ ಕಡೆ ಮುಖ ಹಾಕಲಿಲ್ಲ. ಆ ಗದರಿಕೆಯನ್ನು ಅವರು ಮುಂದೆ ಬರಹದಲ್ಲಿ, ಮಾತಿನಲ್ಲಿ ಮತ್ತೆ ಮತ್ತೆ ನೆನೆದಿದ್ದಾರೆ.

ನಾಚಿಕೆ ಬರೀ ಇವರೊಬ್ಬರಿಗೆ ಬಂದದ್ದಲ್ಲ ಅನ್ನುವುದನ್ನೂ ಇಲ್ಲಿ ಹೇಳಬೇಕು. 1968ರ ಆಗಸ್ಟಿನಲ್ಲಿ ಚಿಸ್ಸೊ ಕಾರ್ಖಾನೆಯ ಕಾರ್ಮಿಕ ಸಂಘವೊಂದು ಒಂದು ಹೇಳಿಕೆ ಹೊರಡಿಸಿತು. ಇಷ್ಟು ವರ್ಷ ರೋಗಿಗಳಿಗಾಗಿ ಹೋರಾಡದೆ ಸುಮ್ಮನಿದ್ದದ್ದು ನಮಗೆ ನಾಚಿಕೆಗೇಡು ಅನ್ನುವುದು ಅದರ ಸಾರ. ಅದನ್ನು ಈಗಲೂ ‘ನಾಚಿಕೆಯ ಘೋಷಣೆ’ ಅಂತಲೇ ಕರೆಯುತ್ತಾರೆ. ಅದೇ ವರ್ಷ ಸೆಪ್ಟೆಂಬರ್ 26ರಂದು ಸರ್ಕಾರ ಕೊನೆಗೂ ಕಾರ್ಖಾನೆಯೇ ಕಾರಣ ಅಂದಿತು. ಅಷ್ಟು ಹೊತ್ತಿಗೆ ಪಾದರಸ ಬಳಸುವ ಆ ಹಳೆಯ ವಿಧಾನವನ್ನು ಕಾರ್ಖಾನೆ ಮೇ ತಿಂಗಳಲ್ಲೇ ನಿಲ್ಲಿಸಿಯಾಗಿತ್ತು. ಸರ್ಕಾರಕ್ಕೆ ಸತ್ಯ ಹೇಳುವ ಧೈರ್ಯ ಯಾವಾಗ ಬರುತ್ತದೆ ನೋಡಿ.

1969ರ ಜೂನ್ 14ರಂದು 29 ಕುಟುಂಬಗಳು ಕಂಪನಿಯ ಮೇಲೆ ಮೊಕದ್ದಮೆ ಹೂಡಿದವು. ರೋಗಿಗಳೇ ಎರಡು ಬಣವಾಗಿದ್ದರು. ಸರ್ಕಾರ ಮಧ್ಯಸ್ಥಿಕೆ ಮಾಡಲಿ ಅಂದವರು ಒಂದು ಕಡೆ, ಕೋರ್ಟಿಗೆ ಹೋದ ಈ 29 ಮನೆಯವರು ಒಂದು ಕಡೆ. ಕಂಪನಿಯ ಅನ್ನ ತಿನ್ನುವ ಊರಿನಲ್ಲಿ ಕಂಪನಿಯ ಮೇಲೆ ಕೇಸು ಹಾಕುವುದು ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

1970: ಬಾಗಿಲಿನಲ್ಲಿ ನಿಂತು

1970ರಲ್ಲಿ ತ್ಸುಚಿಮೊಟೊ ಮತ್ತೆ ಹೋದರು. ಕ್ಯಾಮೆರಾ ಹಿಡಿದವರು ಕೊಶಿರೊ ಓತ್ಸು. ತಂಡ ಚಿಕ್ಕದು. ತಿಂಗಳುಗಟ್ಟಲೆ ಊರಿನಲ್ಲೇ ಉಳಿದರು. ಮೊಕದ್ದಮೆ ಹೂಡಿದ ಆ 29 ಮನೆಗಳಿಗೆ ಒಂದೊಂದಾಗಿ ಹೋದರು, ಮಾತಾಡಿದರು, ಕೂತರು. ಚಿತ್ರದ ಬೆನ್ನೆಲುಬು ಇದೇ, ಮನೆಯಿಂದ ಮನೆಗೆ ಹೋಗುವುದು. ಕತೆಗೆ ನಾಯಕನಿಲ್ಲ. ಮುನ್ನುಡಿ ಹೇಳುವ ತಜ್ಞನೂ ಇಲ್ಲ.

ಈ ಚಿತ್ರದ ವಿಚಿತ್ರ ಸಂಗತಿ ಒಂದಿದೆ. ಶಬ್ದ ಮತ್ತು ಚಿತ್ರವನ್ನು ಒಟ್ಟೊಟ್ಟಿಗೆ ಹಿಡಿಯುವ ಸಲಕರಣೆ ಅವರ ಬಳಿ ಇರಲಿಲ್ಲ. ಚಿತ್ರ ಬೇರೆ, ಟೇಪು ಬೇರೆ. ಅವರು ಅದನ್ನು ತುಟಿಗೆ ಹೊಂದಿಸುವ ನಾಟಕವನ್ನೂ ಮಾಡಲಿಲ್ಲ. ಹಾಗಾಗಿ ಪರದೆಯ ಮೇಲೆ ಒಬ್ಬ ಹೆಂಗಸಿನ ಮುಖ ಸುಮ್ನೆ ನಿಮ್ಮನ್ನು ನೋಡುತ್ತಿರುತ್ತದೆ, ಅವಳ ದನಿ ಪಕ್ಕದಲ್ಲೆಲ್ಲೋ ನಡೆಯುತ್ತಿರುತ್ತದೆ. ಮೊದಮೊದಲು ನನಗೆ ಇದು ಕಿರಿಕಿರಿಯಾಯಿತು, ಪ್ರಿಂಟ್ ಹಾಳಾಗಿದೆ ಅಂದುಕೊಂಡೆ. ಒಂದು ಗಂಟೆಯ ನಂತರ ಬೇರೆ ಥರ ಕಾಣತೊಡಗಿತು. ಮಾತು ಕಳೆದುಕೊಂಡ, ನಾಲಿಗೆ ಮೆದುಳಿನ ಮಾತು ಕೇಳದ ಜನರ ಚಿತ್ರ ಇದು. ಅಲ್ಲಿ ಮಾತೂ ಮುಖವೂ ಅಚ್ಚುಕಟ್ಟಾಗಿ ಒಟ್ಟಿಗೆ ಹೋಗಿದ್ದರೆ ನಾನು ಮಾತನ್ನಷ್ಟೇ ಕೇಳಿಕೊಂಡು ಮುಖ ನೋಡುವುದನ್ನೇ ಬಿಟ್ಟುಬಿಡುತ್ತಿದ್ದೆ.

ಕಾಯಿಲೆಯನ್ನು ಚಿತ್ರ ಮುಚ್ಚಿಡುವುದಿಲ್ಲ. ಹುಟ್ಟಿನಿಂದ ರೋಗ ಬಂದ ಮಕ್ಕಳು ಆ ಹೊತ್ತಿಗೆ ಹದಿಹರೆಯಕ್ಕೆ ಬಂದಿದ್ದರು. ಮೈ ಮಾತ್ರ ಸಣ್ಣ ಮಕ್ಕಳದ್ದು, ಬೆರಳು ಸೊಟ್ಟ, ಕತ್ತು ನಿಲ್ಲದು. ಆದರೆ ಅವರನ್ನು ತೋರಿಸುವಾಗ ಕ್ಯಾಮೆರಾ ಬೇಗ ಹಿಂದೆ ಸರಿಯುವುದಿಲ್ಲ, ಮೇಲೆ ಬೀಳುವುದೂ ಇಲ್ಲ. ಮಗು ನಗುವವರೆಗೆ ಕಾಯುತ್ತದೆ. ಮಗು ನಗುತ್ತದೆ ಕೂಡ. ಪಕ್ಕದಲ್ಲಿ ತಾಯಿ ಉಣಿಸುತ್ತಿರುತ್ತಾಳೆ, ಅಜ್ಜ ಏನೋ ಗೊಣಗುತ್ತಿರುತ್ತಾನೆ. ಹೀಗೆ ಹುಟ್ಟಿದ ಮಗಳನ್ನು ಮಿನಮಾಟದ ಒಬ್ಬ ತಾಯಿ ‘ನಿಧಿ ಮಗು’ ಅನ್ನುತ್ತಿದ್ದಳು. ನಾನು ತಿಂದ ವಿಷವನ್ನೆಲ್ಲ ಅವಳೇ ಹೀರಿಕೊಂಡಳು, ಅದಕ್ಕೇ ನಾನೂ ಉಳಿದ ಮಕ್ಕಳೂ ಚೆನ್ನಾಗಿದ್ದೇವೆ ಅಂತ. ಇಂಥ ಮಾತಿಗೆ ಯಾವ ವೈದ್ಯನ ಬಳಿಯೂ ಉತ್ತರವಿಲ್ಲ.

ಆಕ್ಟೋಪಸ್ಸಿನ ದೃಶ್ಯಕ್ಕೆ ಬರುತ್ತೇನೆ. ಇಡೀ ಚಿತ್ರದಲ್ಲಿ ಸಮುದ್ರ ವಿಷದ ಗುಂಡಿಯಾಗಿ ಕಾಣುವುದೇ ಇಲ್ಲ. ಅದು ಹೊಳೆಯುತ್ತದೆ. ಜನ ಅದರೊಳಗೆ ಇಳಿಯುತ್ತಾರೆ, ಹಿಡಿಯುತ್ತಾರೆ, ತಿನ್ನುತ್ತಾರೆ, ಹಿಡಿಯುವ ಬಗೆಯನ್ನು ಹೆಮ್ಮೆಯಿಂದ ತೋರಿಸುತ್ತಾರೆ. ವಿಷ ಅಂತ ಗೊತ್ತಿದ್ದೂ ಯಾಕೆ ತಿಂದರು ಅಂತ ಪಟ್ಟಣದಲ್ಲಿ ಕೂತವರು ಕೇಳುತ್ತಿದ್ದರು. ಮೀನು ಬಿಟ್ಟರೆ ಆ ಹಳ್ಳಿಗಳಲ್ಲಿ ಊಟ ಅಂತ ಇನ್ನೇನಿತ್ತು? ನಮ್ಮ ಕುಂದಾಪುರ, ಮಲ್ಪೆಯ ಕಡೆಯವರಿಗೆ ಈ ಪ್ರಶ್ನೆಯೇ ನಗು ತರಿಸಬಹುದು. ತಾಜಾ ಮೀನು ಕಣ್ಣೆದುರು ಇರುವಾಗ ಅದರೊಳಗೆ ಕಾಣದ ಪಾದರಸ ಇದೆ ಅಂತ ನಾಲಿಗೆಗೆ ಹೇಗೆ ತಿಳಿಯಬೇಕು? ರುಚಿ ಬದಲಾಗಲಿಲ್ಲ, ವಾಸನೆ ಬದಲಾಗಲಿಲ್ಲ. ಚಿತ್ರ ಆ ಸುಖವನ್ನು ಪೂರ್ತಿ ತೋರಿಸಿಬಿಡುತ್ತದೆ. ಅದಾದ ಮೇಲೇ ಕಂಪನಿ ಏನನ್ನು ಕಿತ್ತುಕೊಂಡಿತು ಅನ್ನುವುದು ಗೊತ್ತಾಗುವುದು.

ಕೊನೆಯಲ್ಲಿ ಒಸಾಕ ನಗರ. 1970ರ ನವೆಂಬರ್ 28, ಚಿಸ್ಸೊ ಕಂಪನಿಯ ಶೇರುದಾರರ ಸಭೆ. ಕಂಪನಿಯ ಅಧ್ಯಕ್ಷರನ್ನು ಎದುರೆದುರು ನೋಡಬೇಕು ಅಂತ ರೋಗಿಗಳು ಮತ್ತು ಅವರ ಜೊತೆ ನಿಂತವರು ಒಂದೊಂದು ಶೇರು ಕೊಂಡರು. ಒಂದು ಶೇರು ಇದ್ದರೂ ಸಭೆಗೆ ಬರುವುದನ್ನು ತಡೆಯುವ ಹಾಗಿಲ್ಲವಲ್ಲ. ಎಂಥಾ ಉಪಾಯ! ಬೌದ್ಧ ಯಾತ್ರಿಕರ ಬಿಳಿ ಬಟ್ಟೆ ಉಟ್ಟು, ಕೈಯಲ್ಲಿ ಸಣ್ಣ ಗಂಟೆ ಹಿಡಿದು, ಸತ್ತವರ ಹೆಸರಿನ ಫಲಕಗಳನ್ನು ಎದೆಗವಚಿಕೊಂಡು ಹೋದರು. ಸಭಾಂಗಣದಲ್ಲಿ ಯಾತ್ರೆಯ ಹಾಡು ಹಾಡಿದರು. ಆಡಳಿತದವರು ಗಡಿಬಿಡಿಯಲ್ಲಿ ಸಭೆ ಮುಗಿಸಲು ನೋಡಿದಾಗ ಜನ ವೇದಿಕೆಗೆ ನುಗ್ಗಿದರು. ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಒಬ್ಬ ಹೆಂಗಸು ಅವರ ಫಲಕಗಳನ್ನು ಹಿಡಿದು ಅಧ್ಯಕ್ಷರ ಮೈಮೇಲೆ ಹೋಗಿ ಕಿರುಚುತ್ತಾಳೆ. ಅವಳು ಕೇಳುವುದು ದುಡ್ಡನ್ನಲ್ಲ. ತಂದೆ ತಾಯಿ ಅಂದರೆ ಏನು ಗೊತ್ತಾ ನಿಮಗೆ ಅನ್ನುವ ಅರ್ಥದ ಕೂಗು ಅದು. ಅಧ್ಯಕ್ಷರ ಮುಖದಲ್ಲಿ ಏನೂ ಇಲ್ಲ. ಓತ್ಸು ಅವರ ಕ್ಯಾಮೆರಾ ಈ ನೂಕುನುಗ್ಗಲಿನ ಒಳಗೇ ಇದೆ. ಐದು ವರ್ಷದ ಹಿಂದೆ ದೂರದಿಂದ ಮಗುವೊಂದನ್ನು ಕದ್ದು ನೋಡಿದ ಚಿತ್ರತಂಡ ಈಗ ರೋಗಿಗಳ ಸಾಲಿನಲ್ಲಿ, ಅವರ ಭುಜಕ್ಕೆ ಭುಜ ತಾಗಿಸಿ ನಿಂತಿದೆ.

ಏನಾಯಿತು, ಏನಾಗಲಿಲ್ಲ

ಚಿತ್ರ ನೋಡಿ ನ್ಯಾಯ ಸಿಕ್ಕಿತು ಅಂತ ಬರೆಯುವುದು ಸುಲಭ, ಆದರೆ ಸುಳ್ಳು. 1973ರ ಮಾರ್ಚ್ 20ರಂದು ಕುಮಾಮೊಟೊ ಜಿಲ್ಲಾ ನ್ಯಾಯಾಲಯದಲ್ಲಿ 29 ಕುಟುಂಬಗಳು ಗೆದ್ದದ್ದು ತಮ್ಮ ಹಟದಿಂದ, ವಕೀಲರಿಂದ, ಮತ್ತೆ ಹೊಸೊಕಾವ ಅವರ ಸಾಕ್ಷಿಯಿಂದ. ಆ ಹಳೆಯ ವೈದ್ಯರು 1970ರಲ್ಲಿ ಕ್ಯಾನ್ಸರಿನಿಂದ ಮಲಗಿದ್ದ ಆಸ್ಪತ್ರೆಯ ಹಾಸಿಗೆಯಲ್ಲೇ 400ನೇ ಬೆಕ್ಕಿನ ಕತೆಯನ್ನು ನ್ಯಾಯಾಲಯಕ್ಕೆ ಹೇಳಿದರು, ಕೆಲವೇ ತಿಂಗಳಲ್ಲಿ ತೀರಿಕೊಂಡರು. ಒಬ್ಬೊಬ್ಬ ರೋಗಿಗೆ 1.6 ಕೋಟಿಯಿಂದ 1.8 ಕೋಟಿ ಯೆನ್ ಕೊಡಬೇಕೆಂದು ತೀರ್ಪಾಯಿತು. 1959ರ ಒಪ್ಪಂದ ನೀತಿಗೆಟ್ಟದ್ದು, ಅದು ನಡೆಯುವುದಿಲ್ಲ ಅಂದಿತು ಕೋರ್ಟು. ಸರ್ಕಾರ ಮತ್ತು ಪ್ರಾಂತ್ಯದ ಆಡಳಿತವೂ ಹೊಣೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2004ರಲ್ಲಿ. ಮೊದಲ ವರದಿಯಿಂದ ಎಣಿಸಿದರೆ 48 ವರ್ಷ.

ಚಿತ್ರ ಮಾಡಿದ ಕೆಲಸ ಬೇರೆ. ಜಪಾನಿನಲ್ಲಿ ಊರೂರಿನ ಗುಂಪುಗಳು ತಾವೇ ಪ್ರದರ್ಶನ ಇಟ್ಟುಕೊಂಡವು. 1972ರಲ್ಲಿ ಸ್ಟಾಕ್‌ಹೋಮಿನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ನಡೆದಾಗ ರೋಗಿಗಳೂ ಹೋದರು, ಚಿತ್ರವೂ ಹೋಯಿತು. ಪಾದರಸದ ಬಗ್ಗೆ ದೇಶಗಳೆಲ್ಲ ಸೇರಿ ಮಾಡಿಕೊಂಡ ಒಪ್ಪಂದಕ್ಕೆ 2013ರಲ್ಲಿ ಕುಮಾಮೊಟೊದಲ್ಲಿ ಸಹಿ ಬಿತ್ತು, ಅದಕ್ಕೆ ಈ ಊರಿನ ಹೆಸರನ್ನೇ ಇಟ್ಟರು. ಭಾರತ ಅದನ್ನು 2018ರಲ್ಲಿ ಒಪ್ಪಿಕೊಂಡಿತು. ನಮ್ಮ ಆಸ್ಪತ್ರೆಗಳಿಂದ ಪಾದರಸದ ಥರ್ಮಾಮೀಟರ್ ಕಡಿಮೆಯಾಗುತ್ತಿರುವುದರ ಹಿಂದೆ ಈ ಕೊಲ್ಲಿಯ ಹೆಸರೂ ಇದೆ.

ಕೊರತೆಗಳೂ ಇವೆ. ಪಾದರಸ ಹೇಗೆ ಮೆದುಳು ತಿನ್ನುತ್ತದೆ ಅಂತ ತಿಳಿಯಬೇಕೆಂದರೆ ಈ ಚಿತ್ರ ಸಾಲದು. ಅದಕ್ಕೆ ತ್ಸುಚಿಮೊಟೊ 1974-75ರಲ್ಲಿ ಮೂರು ಭಾಗದ ಬೇರೆಯೇ ವೈದ್ಯಕೀಯ ಚಿತ್ರ ಮಾಡಬೇಕಾಯಿತು. ಕಾರ್ಖಾನೆಯೊಳಗಿನ ಕಾರ್ಮಿಕ, ಬಾಯಿ ಮುಚ್ಚಿಕೊಂಡ ಪಕ್ಕದ ಮನೆಯವನು, ಇವರೆಲ್ಲ ಹೆಚ್ಚು ಕಾಣುವುದಿಲ್ಲ. ನನಗೆ ಜಾಸ್ತಿ ಕಾಡುವುದು ಇನ್ನೊಂದು. ತಾಯಿಯನ್ನು ಕೇಳಿದರು, ಸರಿ. ಆದರೆ ಮಾತು ಬಾರದ ಆ ಮಗುವನ್ನು ಕೇಳುವುದು ಹೇಗೆ? ಇದಕ್ಕೆ ಚಿತ್ರದಲ್ಲಿ ಉತ್ತರವಿಲ್ಲ, ಬೇರೆ ಕಡೆಯೂ ಇದ್ದಂತಿಲ್ಲ. ಅಮೆರಿಕದ ಫೋಟೋಗ್ರಾಫರ್ ಯೂಜಿನ್ ಸ್ಮಿತ್ 1971ರಲ್ಲಿ ಮಿನಮಾಟದಲ್ಲೇ ಒಂದು ಫೋಟೋ ತೆಗೆದರು, ತಾಯಿ ಮಗಳಿಗೆ ಸ್ನಾನ ಮಾಡಿಸುತ್ತಿರುವುದು. ಪ್ರಪಂಚಕ್ಕೆಲ್ಲ ಗೊತ್ತಾದ ಫೋಟೋ ಅದು. ಅಪ್ಪ ಅಮ್ಮನ ಒಪ್ಪಿಗೆಯಿಂದಲೇ ತೆಗೆದದ್ದು. ಮಗಳು ತೀರಿಕೊಂಡು ಎಷ್ಟೋ ವರ್ಷದ ಮೇಲೆ, ಇನ್ನು ಅವಳನ್ನು ಸುಮ್ಮನೆ ಬಿಡಿ, ವಿಶ್ರಾಂತಿ ತೆಗೆದುಕೊಳ್ಳಲಿ ಅನ್ನುವುದು ಹೆತ್ತವರ ಮನಸ್ಸಿಗೆ ಬಂತು. ಯೂಜಿನ್ ಅವರ ಹೆಂಡತಿಯಾಗಿದ್ದ, ಫೋಟೋದ ಹಕ್ಕು ಇದ್ದ ಐಲೀನ್ ಸ್ಮಿತ್ 1998ರಲ್ಲಿ ಅದನ್ನು ಬಳಸುವ ನಿರ್ಧಾರವನ್ನು ಹೆತ್ತವರಿಗೇ ಬಿಟ್ಟುಕೊಟ್ಟರು. ಒಮ್ಮೆ ಕೊಟ್ಟ ಒಪ್ಪಿಗೆಯನ್ನು ಮುಂದೊಂದು ದಿನ ವಾಪಸ್ ಕೇಳಬಹುದು ಅಂತ ಯಾವ ಕ್ಯಾಮೆರಾ ಹಿಡಿದವನು ಯೋಚಿಸಿರುತ್ತಾನೆ?

ತ್ಸುಚಿಮೊಟೊಗೆ ಇನ್ನೊಂದು ಸಂಗತಿ ಚುಚ್ಚುತ್ತಿತ್ತು. ಚಿತ್ರ ಯುರೋಪಿಗೆ ಹೋಗಿ ಬಂತು, ಶಿರನುಯಿ ಸಮುದ್ರದ ಆಚೆ ದಡಕ್ಕೆ ಹೋಗಿರಲಿಲ್ಲ. ಅಲ್ಲಿನ ದ್ವೀಪಗಳ ಜನರೂ ಅದೇ ಮೀನು ತಿಂದವರು. ಕೈ ಜೋಮು ಹಿಡಿದರೂ ಹೇಳುತ್ತಿರಲಿಲ್ಲ, ಹೇಳಿದರೆ ಊರಿನ ಮೀನು ಮಾರಾಟವಾಗದು, ಮಗಳಿಗೆ ಗಂಡು ಸಿಗದು. 1977ರಲ್ಲಿ ಅವರು ಪ್ರೊಜೆಕ್ಟರ್ ಹೊತ್ತುಕೊಂಡು ಆ ದಡದ ಹಳ್ಳಿ ಹಳ್ಳಿಗೂ ಹೋಗಿ ತಮ್ಮ ಚಿತ್ರಗಳನ್ನು ತೋರಿಸಿದರು.

ಅದಾಗಿ ಹತ್ತಿರ ಇಪ್ಪತ್ತು ವರ್ಷದ ನಂತರ, 1996ರಲ್ಲಿ ಟೋಕಿಯೊದಲ್ಲಿ ಮಿನಮಾಟದ ಬಗ್ಗೆ ದೊಡ್ಡ ಪ್ರದರ್ಶನವಾಯಿತು. ಅದಕ್ಕಾಗಿ ತ್ಸುಚಿಮೊಟೊ ಮತ್ತು ಅವರ ಹೆಂಡತಿ ಮತ್ತೆ ಮನೆಮನೆಗೆ ಹೋದರು. ಈ ಸಲ ಸಿನಿಮಾ ತೆಗೆಯಲು ಹೋದದ್ದಲ್ಲ. ಸತ್ತವರ ಫೋಟೋ ಇದ್ದರೆ ಅದರ ಪ್ರತಿ ತೆಗೆದುಕೊಳ್ಳಬಹುದೇ ಅಂತ ಬಾಗಿಲಿನಲ್ಲಿ ನಿಂತು ಕೇಳಲು. ತ್ಸುಚಿಮೊಟೊಗೆ ಆಗ ವಯಸ್ಸು ಅರವತ್ತೈದು ದಾಟಿತ್ತು. ಕೆಲವರು ಬೇಡ ಅಂದರು, ಅಲ್ಲಿಂದ ಇವರು ವಾಪಸ್ ಬಂದರು. ಕೊಟ್ಟವರ ಮನೆಗಳಿಂದ ಸುಮಾರು 500 ಮುಖಗಳು ಸಿಕ್ಕವು.